ವಿಮೆ ಓದಲು ಹತ್ತು ಲಕ್ಷ ಸಾಲ ಮಾಡುವ ಮುನ್ನ

ಕಾರ್ಕಳದ ಕಡೆ ನಮ್ಮ ನೆಂಟರ ಅಡಿಕೆ ತೋಟಕ್ಕೆ ಕೊಳೆರೋಗ ಬಂದ ವರ್ಷ, ಅವರ ಖಾತೆಗೆ ಬೆಳೆ ವಿಮೆಯ ಹಣ ಬಂದದ್ದು ತೀರಾ ಕಡಿಮೆ. ಪಕ್ಕದ ಪಂಚಾಯತಿನವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಂದಿತ್ತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಅದರ ಶೇ. 5, ಅಂದರೆ 6,400 ರೂಪಾಯಿ ಕೃಷಿಕರ ಪಾಲು. ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿ ನೋಡಿ ಅಲ್ಲ, ಪಂಚಾಯತಿನ ಮಳೆಮಾಪಕದ ಲೆಕ್ಕ ನೋಡಿ. ಮಾಪಕ ಇರುವಲ್ಲಿ ಒಂದು ಮಳೆ, ಗುಡ್ಡದಾಚೆ ಇನ್ನೊಂದು ಮಳೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿ.ಕಾಂ. ಓದುತ್ತಿದ್ದ ನನ್ನ ಮಗಳ ತಲೆಗೆ ಹೊಕ್ಕದ್ದು ಇದೇ ಪ್ರಶ್ನೆ. ಎಷ್ಟು ಮಿಲಿಮೀಟರ್ ಮಳೆಗೆ ಎಷ್ಟು ಪರಿಹಾರ ಎಂದು ಬರೆಯುವವರು ಯಾರು, ಯಾವ ಆಧಾರದ ಮೇಲೆ? ಕೊನೆಗೆ ಅವಳು ಪುಣೆಯ ನ್ಯಾಷನಲ್ ಇನ್ಶೂರೆನ್ಸ್ ಅಕಾಡೆಮಿಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದಳು. 1980ರಲ್ಲಿ ಶುರುವಾದ ಸಂಸ್ಥೆ ಅದು. "ಏಜೆಂಟ್ ಆಗ್ಲಿಕ್ಕೆ ಪುಣೆಗೆ ಹೋಗ್ಬೇಕಾ ಮಾರಾಯ್ರೆ?" ಎಂದು ಅಂಬಲಪಾಡಿಯಲ್ಲಿ ಕೇಳಿದವರಿದ್ದಾರೆ. ಪಾಲಿಸಿ ಮಾಡಿಸುವವರನ್ನು ಮಾತ್ರ ನಾವು ನೋಡಿದ್ದೇವೆ, ಹಾಗಾಗಿ ಆ ಪ್ರಶ್ನೆ ಸಹಜ. ಆದರೆ ಅಪಾಯವನ್ನು ಅಳೆದು ಪ್ರೀಮಿಯಂ ನಿಗದಿ ಮಾಡುವವರು, ಕ್ಲೇಮು ಪರಿಶೀಲಿಸುವವರು, ಒಂದು ಕಂಪನಿ ಹೊರಲಾರದ ಹೊರೆಯನ್ನು ಮರುವಿಮೆಯಲ್ಲಿ ಹಂಚುವವರು, ಇವರೆಲ್ಲರೂ ಬೇರೆ. ಈ ಓದು ಇರುವುದು ಅವರಿಗಾಗಿ.

ನಮ್ಮ ಕರಾವಳಿಯಷ್ಟು ಇದರ ಅಗತ್ಯ ಇರುವ ಜಾಗ ಕಡಿಮೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಮೃತರೆಂದು ಭಾವಿಸುವುದು ಕಾನೂನಿನ ಸಾಮಾನ್ಯ ನಿಯಮ. ದುಡಿಯುವವನು ಕಡಲಲ್ಲಿ ಕಾಣೆಯಾದರೆ ಅಷ್ಟು ಕಾಲ ಮನೆ ನಡೆಯುವುದು ಹೇಗೆ? ಇಂಥ ಮನೆಗಳಿಗೆ ಬೇಕಾದ ಪಾಲಿಸಿಯನ್ನು ಕಡಲು ಗೊತ್ತಿರುವವರೇ ಕುಳಿತು ಬರೆಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದುಡ್ಡಿನ ವಿಷಯ. ಶುಲ್ಕ, ಹಾಸ್ಟೆಲು ಎಲ್ಲ ಸೇರಿ ಹತ್ತು ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲೆ ಸಾಮಾನ್ಯವಾಗಿ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಪೂರ್ತಿ ಹಣ ಮೊದಲೇ ಪಡೆದಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ ಮೂರು ಲಕ್ಷ. ಹದಿಮೂರು ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 17,180 ರೂಪಾಯಿ. ಬಡ್ಡಿಯನ್ನು ಆಗಿಂದಾಗಲೇ ಕಟ್ಟುತ್ತ ಬಂದರೆ ಕಂತು ಸುಮಾರು 13,215ಕ್ಕೆ ಇಳಿಯುತ್ತದೆ. ನಾವು ಬಡ್ಡಿ ಕಟ್ಟುತ್ತಿದ್ದೇವೆ, ಹಣವನ್ನೂ ಸೆಮಿಸ್ಟರಿಗೆ ಬೇಕಾದಷ್ಟೇ ಬಿಡುಗಡೆ ಮಾಡಿಸುತ್ತೇವೆ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಉಂಟು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಸಾಲ ಕೊಟ್ಟ ಶಾಖೆಯಲ್ಲಿ ಒಂದೇ ಕಂತಿನ ಜೀವ ವಿಮೆಯೊಂದನ್ನು ಸಾಲಕ್ಕೇ ಸೇರಿಸಲು ಹೇಳಿದರು. ಹಾಗೆ ಮಾಡಿದರೆ ಪ್ರೀಮಿಯಂಗೂ ಬಡ್ಡಿ ಕಟ್ಟಬೇಕು. ಅವರದೇ ಪಾಲಿಸಿ ಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಮಗಳ ಹೆಸರಿನಲ್ಲಿ ಬೇರೆ ಕಡೆ ಸರಳ ಟರ್ಮ್ ವಿಮೆ ಮಾಡಿಸಿದೆವು. ಸಹ-ಸಾಲಗಾರರಾಗಿ ಸಹಿ ಹಾಕುವ ತಂದೆ ತಾಯಿಗೆ ಇದು ಬೇಕೇ ಬೇಕು.

ಬ್ಯಾಂಕಿಂಗ್, ಹಣಕಾಸು ಮಾತ್ರ ಸಾಕೆನ್ನುವವರಿಗೆ ಮಣಿಪಾಲದಲ್ಲೇ ಟ್ಯಾಪ್ಮಿ ಮ್ಯಾನೇಜ್‌ಮೆಂಟ್ ಕಾಲೇಜು ಇದೆ. ವಿಮೆಯೇ ಬೇಕು ಎನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದು ಬೇರೆ: ಮುಂಬಯಿಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಲೈಸೆನ್ಷಿಯೇಟ್ ಪರೀಕ್ಷೆ ಬರೆಯಿರಿ. 1955ರಿಂದ ಇರುವ ಸಂಸ್ಥೆ. ಮನೆಯಲ್ಲೇ ಓದಬಹುದು, ಖರ್ಚು ಕೆಲವೇ ಸಾವಿರ. ಮಗಳು ಮೊದಲು ಅದನ್ನೇ ಬರೆದಳು. ವಿಮೆಯ ತತ್ವಗಳ ಪುಸ್ತಕವನ್ನು ಬೇಸರವಿಲ್ಲದೆ ಮುಗಿಸಿದ್ದನ್ನು ನೋಡಿದ ಮೇಲೆ ನಾನು ಸಾಲದ ಅರ್ಜಿ ತಂದೆ.

ಯಾವ ಕಾಲೇಜಿಗೆ ಹೋದರೂ ಅತಿ ಹೆಚ್ಚಿನ ಸಂಬಳ ಎಷ್ಟು ಎಂಬುದನ್ನೇ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಕಳೆದ ಬ್ಯಾಚಿನ ನಡುಮಧ್ಯದ ವಿದ್ಯಾರ್ಥಿಗೆ ಸಿಕ್ಕ ಸಂಬಳ, ಮತ್ತು ಎಷ್ಟು ಮಂದಿ ಅಪಾಯ ಅಳೆಯುವ ಅಂಡರ್‌ರೈಟಿಂಗ್, ಕ್ಲೇಮು ವಿಭಾಗಕ್ಕೆ ಹೋದರು, ಎಷ್ಟು ಮಂದಿ ಮಾರಾಟಕ್ಕೆ ಹೋದರು ಎಂಬ ಲೆಕ್ಕ. ಅದನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕಟ್ಟಿ.