ಡೀಸೆಲ್ ಕಾರಿಗೆ ಸಾಲ ಕೊಡುವ ಮುನ್ನ



ನಮ್ಮ ಸಂಘಗಳಲ್ಲಿ ಈಗ ಹಸು, ಹೊಲಿಗೆ ಯಂತ್ರದ ಜೊತೆಗೆ ಬಾಡಿಗೆಗೆ ಓಡಿಸುವ ಹಳೇ ಡೀಸೆಲ್ ಕಾರಿಗೂ ಸಾಲ ಕೇಳುವವರಿದ್ದಾರೆ. ಹಸು ಕೊಳ್ಳುವಾಗ ಹಲ್ಲು, ಕೆಚ್ಚಲು ನೋಡುತ್ತೇವೆ. ಕಾರಿನ ಬಣ್ಣ ಮಾತ್ರ ನೋಡಿದರೆ ಸಾಕೇ? ಕಾರು ಗ್ಯಾರೇಜಿನಲ್ಲಿ ನಿಂತರೆ ದುಡಿಮೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲೋದಿಲ್ಲ. ಆದ್ದರಿಂದ ಈಗಿನ ಡೀಸೆಲ್ ಇಂಜಿನ್ ಎಲ್ಲೆಲ್ಲಿ ಕೆಡುತ್ತದೆ ಎಂದು ತಿಳಿಯೋಣ.

1. ಮಸಿ ಹಿಡಿಯುವ ಫಿಲ್ಟರ್: ಇದಕ್ಕೆ ಡಿ.ಪಿ.ಎಫ್. ಎನ್ನುತ್ತಾರೆ. 2020ರ ಏಪ್ರಿಲ್ 1ರಂದು ಬಿ.ಎಸ್.6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಇದು ಇರುತ್ತದೆ. ಇದರಲ್ಲಿ ಸೇರಿದ ಮಸಿ ಸುಮಾರು 600 ಡಿಗ್ರಿ ಬಿಸಿಯಲ್ಲಿ ಉರಿದುಹೋಗಬೇಕು. ದಿನವೂ ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅಷ್ಟು ಬಿಸಿ ಆಗೋದೇ ಇಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ಇದರ ದೀಪ ಹೊತ್ತಿದರೆ ಕಾರಿನ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಕು.

2. ಇಂಜೆಕ್ಟರ್: ಇದು ಟೈರಿನ ಗಾಳಿಗಿಂತ ನೂರಾರು ಪಟ್ಟು ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಡೀಸೆಲ್‌ನಲ್ಲಿ ನೀರು, ಕಸ ಅಥವಾ ಸೀಮೆಎಣ್ಣೆ ಬೆರೆತರೆ ಪಂಪು, ಇಂಜೆಕ್ಟರ್ ಎರಡೂ ಹಾಳು. ಡೀಸೆಲ್ ಫಿಲ್ಟರನ್ನು ಹೇಳಿದ ಸಮಯಕ್ಕೆ ಬದಲಿಸಿ.

3. ಟರ್ಬೋ: ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಇದಕ್ಕೆ ಇಂಜಿನ್ ಆಯಿಲೇ ಆಸರೆ. ಆಯಿಲ್ ಬದಲಿಸುವ ಖರ್ಚು ಉಳಿಸಲು ಹೋದರೆ ಟರ್ಬೋನೇ ಹೋಗುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಬಂದ್ ಮಾಡದೆ ಒಂದು ನಿಮಿಷ ಬಿಡಿ.

4. ಟೈಮಿಂಗ್ ಬೆಲ್ಟ್: ಕೆಲವು ಇಂಜಿನ್‌ಗಳಲ್ಲಿ ಚೈನಿನ ಬದಲು ಬೆಲ್ಟ್ ಇರುತ್ತದೆ. ಓಡುವಾಗ ಅದು ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿದು ಇಂಜಿನ್ ಬಿಚ್ಚಬೇಕಾಗುತ್ತದೆ.

ಇವುಗಳಲ್ಲಿ ಹೆಚ್ಚಿನವು ಒಂದೇ ದಿನದಲ್ಲಿ ಬರುವ ಕಾಯಿಲೆಗಳಲ್ಲ. ಕಪ್ಪು ಹೊಗೆ, ಎಳೆತ ಕಡಿಮೆಯಾಗುವುದು, ಹೊತ್ತಿದ ದೀಪ – ಇಂಜಿನ್ ಮುಂಚೆಯೇ ಹೇಳುತ್ತದೆ. "ಮುಂದಿನ ತಿಂಗಳು ನೋಡೋಣ" ಅಂದರೆ ಸಣ್ಣ ಖರ್ಚು ದೊಡ್ಡದಾಗುತ್ತದೆ.

ಸಂಘವು ಮಾಡಬೇಕಾದದ್ದು:
• ಮಾರುವವರ ಕಡೆಯವರಲ್ಲದ ಮೆಕ್ಯಾನಿಕ್‌ಗೆ ಕಾರು ತೋರಿಸಿ. ಡಿ.ಪಿ.ಎಫ್. ಕಿತ್ತು ಹಾಕಿದ್ದಾರೆಯೇ ಎಂದು ಕೇಳಿ.
• ಸರ್ವಿಸ್ ದಾಖಲೆ, ಬೆಲ್ಟ್ ಬದಲಿಸಿದ ಬಿಲ್ಲು ನೋಡಿ.
• ಹತ್ತಿರದ ಓಡಾಟವೇ ಹೆಚ್ಚಾದರೆ ಪೆಟ್ರೋಲ್ ಕಾರನ್ನು ಯೋಚಿಸಿ.
• ಕಂತಿನ ಜೊತೆಗೆ ಪ್ರತಿ ತಿಂಗಳು ರಿಪೇರಿ ನಿಧಿ ಕಟ್ಟುವಂತೆ ನಿರ್ಣಯ ಬರೆಯಿರಿ.

ಚರ್ಚೆಗೆ: ಸದಸ್ಯೆಯ ಕಾರು ಒಂದು ತಿಂಗಳು ನಿಂತುಹೋದರೆ ಕಂತು ಹೇಗೆ ಕಟ್ಟುತ್ತಾರೆ? ಸಾಲ ಮಂಜೂರು ಮಾಡುವ ಮೊದಲೇ ಈ ಪ್ರಶ್ನೆ ಕೇಳೋಣ.