ಲೇಟ್ ಅಂದರೆ ಏನು?

ಅಕ್ಕಾ, ಕಡೂರಿನ ಬಸ್ಸು ಸಖರಾಯಪಟ್ಟಣಕ್ಕೆ ತಡವಾಗಿ ಬಂದರೆ 'ಬಸ್ಸು ಲೇಟು' ಅಂತೀವಿ. ಇಲ್ಲಿ ಲೇಟು ಅಂದರೆ ತಡ.

ಈಗ ಪಹಣಿ ನೋಡಿ. ಹೆಂಗಸಿನ ಹೆಸರಿನ ಮುಂದೆ 'ಕೋಂ ಲೇಟ್' ಎಂದು ಬರೆದು, ಗಂಡನ ಹೆಸರು ಹಾಕಿರುತ್ತಾರೆ. ಕೋಂ ಅಂದರೆ ಇಂಥವರ ಹೆಂಡತಿ. ಲೇಟ್ ಅಂದರೆ ತೀರಿಕೊಂಡವರು. ಕನ್ನಡದಲ್ಲಿ 'ದಿವಂಗತ'. ಕೆಲವರು ಬರೀ 'ಲೇ' ಅಂತ ಗೀಚುತ್ತಾರೆ, ಹುಷಾರಾಗಿ ಓದಿ. ಗಂಡ ಬದುಕಿದ್ದರೆ ಈ ಪದ ಇರಕೂಡದು. ಇದ್ದರೆ ಸಹಿ ಹಾಕಬೇಡಿ, ತಿದ್ದಿಸಿ.

ವಿಧವಾ ವೇತನಕ್ಕೆ ಲೇಟ್ ಎಂದು ಬರೆದರೆ ಸಾಲದು. ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ಬರೆಸಬೇಕು. ಆಮೇಲೆ ಹೋದರೆ ಲೇಟ್ ಫೀ ಕಟ್ಟಬೇಕು. ಈ ಲೇಟು ಮತ್ತೆ ಬಸ್ಸಿನ ಲೇಟು!