ಅಟ್ಟದ ಮೇಲಿನ ಸಿನಿಮಾಗಳು

ತಮಾ, ನೀನು ಬೆಂಗಳೂರಿನಿಂದ ತಂದ ಕುರೊಸಾವನ ಬ್ಲೂರೇ ಡಬ್ಬಿ ಚೆನ್ನಾಗಿದೆ. ಒಳಗಿನ ಪುಸ್ತಿಕೆ ಇನ್ನೂ ಚೆನ್ನಾಗಿದೆ. ಬೆಲೆ ಕೇಳಿದ ಮೇಲೆ ನಿನ್ನ ಅಪ್ಪ ಊಟಕ್ಕೆ ಕೂತಾಗಲೂ ಮಾತಾಡಲಿಲ್ಲವಂತೆ. ಅದು ನಿಮ್ಮ ಮನೆಯ ವಿಷಯ, ನಾನು ತಲೆ ಹಾಕುವುದಿಲ್ಲ. ಫೋನಿನಲ್ಲೇ ಎಲ್ಲ ಸಿಗುವ ಕಾಲದಲ್ಲಿ ಸಿನಿಮಾ ಕೈಯಲ್ಲಿ ಹಿಡಿಯುವಂತೆ ಇರಬೇಕು ಅನ್ನುವ ನಿನ್ನ ಹಟ ನನಗೆ ಹಿಡಿಸಿದೆ. ನಾನು ಕೇಳುವುದು ಬೇರೆ. ಅದೇ ವಾರ ನಮ್ಮ ಕೇರಿಗೆ ಗುಜರಿಯವನು ಬಂದು ಗೋಣಿಚೀಲದ ತುಂಬ ಹಳೆಯ ಸಿಡಿ ಹೊತ್ತುಕೊಂಡು ಹೋದನಲ್ಲ, ಅದರಲ್ಲಿ ಏನೇನಿತ್ತು ಅಂತ ಒಮ್ಮೆ ಇಣುಕಿದೆಯಾ?

ಕುರೊಸಾವನನ್ನು ಕಾಯಲಿಕ್ಕೆ ಜನ ಇದ್ದಾರೆ. ಜಪಾನಿನಲ್ಲಿ ಸ್ಟುಡಿಯೋ ಇದೆ, ಅಮೆರಿಕದಲ್ಲಿ ಕ್ರೈಟೀರಿಯನ್ ಕಂಪನಿ ಇದೆ, ಯುರೋಪಿನ ಆರ್ಕೈವುಗಳಲ್ಲೂ ಪ್ರತಿ ಇದೆ. ನೀನು ಕೊಳ್ಳದಿದ್ದರೆ ‘ರಾಶೋಮನ್’ ಮಾಯವಾಗುವುದಿಲ್ಲ. ನಮ್ಮ ಸಂಗತಿ ಹಾಗಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಇವತ್ತು ಯಾರ ಹತ್ತಿರವೂ ಇಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಅದರಲ್ಲಿ ಹೇಗೆ ಮಾತಾಡಿದರು ಅಂತ ಕೇಳಲಿಕ್ಕೆ ದಾರಿಯೇ ಇಲ್ಲ. ಅದಕ್ಕೂ ಮೊದಲಿನ ಮೂಕಿಚಿತ್ರ ‘ವಸಂತಸೇನಾ’ದಲ್ಲಿ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದರು. ಕೈಲಾಸಂ ಅವರ ಚಲನೆ ಹಿಡಿದಿಟ್ಟ ಒಂದೇ ಒಂದು ರೀಲು ಸಿಕ್ಕರೂ ಕರ್ನಾಟಕದವರು ಎಷ್ಟು ಕೊಡಲಿಕ್ಕಿಲ್ಲ? ಸಿಗಲಿಲ್ಲ. ಇಡೀ ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಮೂಕಿಚಿತ್ರ ತಯಾರಾದವು, ಉಳಿದದ್ದು ಕೈಬೆರಳಿನ ಲೆಕ್ಕದಷ್ಟು, ಅದರಲ್ಲೂ ಹೆಚ್ಚಿನವು ತುಂಡುಗಳು.

ಸರಕಾರದವರು ಇಟ್ಟುಕೊಂಡಿರುತ್ತಾರೆ ಅಂತ ನೀನು ಹೇಳಬಹುದು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಅದನ್ನು ಕಟ್ಟಿದ ಪಿ.ಕೆ. ನಾಯರ್ ಊರೂರು ತಿರುಗಿ ರೀಲು ಕೂಡಿಸಿದ ಮಹಾನುಭಾವ. ಆದರೆ ಆತ ಕೆಲಸಕ್ಕೆ ಇಳಿಯುವ ಹೊತ್ತಿಗೇ ಬಹುಪಾಲು ಹೋಗಿಯಾಗಿತ್ತು. ಆಗಿನ ನೈಟ್ರೇಟ್ ಫಿಲ್ಮ್ ಕಿಡಿ ತಾಗಿದರೆ ಭಗ್ಗನೆ ಉರಿಯುವ ಜಾತಿ, ಮೇಲಿಂದ ಅದರಲ್ಲಿರುವ ಬೆಳ್ಳಿಗಾಗಿ ರೀಲು ಕರಗಿಸಿ ಮಾರುವವರೂ ಇದ್ದರು. ಉಳಿದದ್ದರಲ್ಲೂ ಒಂದಷ್ಟು 2003ರ ಜನವರಿಯಲ್ಲಿ ಪುಣೆಯಲ್ಲೇ ಬೆಂಕಿಗೆ ಹೋಯಿತು. ಒಂದೇ ಕಡೆ ಇಟ್ಟದ್ದಕ್ಕೆ ಒಂದೇ ಗಂಡಾಂತರ ಸಾಕು. ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳ ನೆಗೆಟಿವ್ 1993ರಲ್ಲಿ ಸುಟ್ಟದ್ದು ಲಂಡನ್ನಿನ ಲ್ಯಾಬಿನಲ್ಲಿ, ಅಷ್ಟು ಸುರಕ್ಷಿತ ಅಂದುಕೊಂಡ ಜಾಗದಲ್ಲಿ.

ಹಾಗಾದರೆ ಉಳಿದವು ಎಲ್ಲಿ ಉಳಿದವು? ಯಾರೂ ಹುಡುಕದ ಜಾಗಗಳಲ್ಲಿ. ಡ್ರೇಯರನ ‘ಜೋನ್ ಆಫ್ ಆರ್ಕ್’ನ ಮೂಲರೂಪ 1981ರಲ್ಲಿ ಸಿಕ್ಕಿದ್ದು ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯ ಮೂಲೆಯಲ್ಲಿ. ‘ಮೆಟ್ರೊಪೊಲಿಸ್’ನ ಕಳೆದುಹೋದ ಭಾಗ 2008ರಲ್ಲಿ ಸಿಕ್ಕಿದ್ದು ಅದು ತಯಾರಾದ ಜರ್ಮನಿಯಲ್ಲಲ್ಲ, ಅರ್ಜೆಂಟೀನಾದಲ್ಲಿ. 1919ರ ನಮ್ಮ ‘ಬಿಲ್ವಮಂಗಲ’ದ ಒಂದು ತುಂಡು ಪ್ಯಾರಿಸಿನಿಂದ ಬಂತು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರಿಂದಲೇ ಇವೆಲ್ಲ ಬದುಕಿದವು. ಭಾವಿಕೇರಿಯ ನಿನ್ನ ಮನೆಯ ಅಟ್ಟವೂ ಅಂಥ ಒಂದು ಜಾಗ ಆಗಬಹುದು ಅಂತ ನಾನು ಹೇಳಿದರೆ ನಗಬೇಡ. ನಾರ್ವೆಯ ಆಸ್ಪತ್ರೆಯವರಿಗೂ ಗೊತ್ತಿರಲಿಲ್ಲ.

ಇನ್ನು ಒಟಿಟಿ. ಅದನ್ನು ನಾನು ಬಯ್ಯುವುದಿಲ್ಲ, ರಾತ್ರಿ ನಿದ್ದೆ ಬಾರದಾಗ ನಾನೂ ಮೊಮ್ಮಗಳ ಪಾಸ್‌ವರ್ಡಿನಲ್ಲಿ ನೋಡುತ್ತೇನೆ. ಆದರೆ ಅಲ್ಲಿ ನೀನು ದುಡ್ಡು ಕೊಡುವುದು ಬಾಡಿಗೆಗೆ. ಕಂಪನಿಗೂ ನಿರ್ಮಾಪಕನಿಗೂ ಇದ್ದ ಕರಾರು ಮುಗಿದ ದಿನ ಸಿನಿಮಾ ಎದ್ದು ಹೋಗುತ್ತದೆ, ನಿನಗೆ ಹೇಳಿ ಹೋಗುವುದಿಲ್ಲ. ಹಳೆಯ ಕನ್ನಡ ಚಿತ್ರಗಳಿಗೆ ಅಲ್ಲಿ ಮೊದಲೇ ಜಾಗ ಕಡಿಮೆ. ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ನಿಜ. ನೋಡು, ಬೇಡ ಅನ್ನುವುದಿಲ್ಲ. ಆದರೆ ಮೂಲೆಯಲ್ಲಿ ಕಂಪನಿಯ ಮುದ್ರೆ, ಇಂದಿನ ಅಗಲದ ಟಿವಿಗೆ ಹೊಂದಿಸಲು ಕತ್ತರಿಸಿದ ತಲೆ, ನಡುನಡುವೆ ಜಾಹೀರಾತು. ಅಮೆರಿಕದಲ್ಲಿ ಅಂಚೆಯಲ್ಲಿ ಡಿಸ್ಕ್ ಕಳಿಸುವುದರಿಂದಲೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರಿನಲ್ಲಿ ಆ ಅಂಗಡಿ ಮುಚ್ಚಿತು. ನಮ್ಮಲ್ಲಿ 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಅಂತ ಮಾರುಕಟ್ಟೆಗೆ ಸುರಿದಾಗ ಕಿರಾಣಿ ಅಂಗಡಿಯಲ್ಲೂ ಸಿನಿಮಾ ಸಿಕ್ಕುತ್ತಿತ್ತು. ಹತ್ತು ಹನ್ನೊಂದು ವರ್ಷದಲ್ಲಿ ಆ ಕಂಪನಿಯೇ ದಿವಾಳಿಯಾಯಿತು. ಆ ಅಲೆಯಲ್ಲಿ ಮನೆಮನೆಗೆ ಬಂದ ಡಿಸ್ಕ್‌ಗಳೇ ಈಗ ಗೋಣಿಚೀಲ ಸೇರುತ್ತಿರುವುದು.

ಕಾನೂನಿನ ಒಂದು ಮಾತು. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಹಾಗೆ ಲೆಕ್ಕ ಹಾಕಿದರೆ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, 1964ರ ‘ಅಮರಶಿಲ್ಪಿ ಜಕಣಾಚಾರಿ’ಯ ಅವಧಿ 2024ರ ಕೊನೆಗೆ ಮುಗಿಯಿತು. ವರ್ಷ ವರ್ಷ ಹೀಗೆ ಒಂದೊಂದು ಕಂತು ಎಲ್ಲರ ಸೊತ್ತಾಗುತ್ತ ಬರುತ್ತದೆ. ಹಕ್ಕು ಊರಿಗೆಲ್ಲ ಬಂತು, ಪ್ರತಿ ಮಾತ್ರ ಗುಜರಿಗೆ ಹೋಯಿತು ಅಂದರೆ ಆ ಹಕ್ಕನ್ನು ನೆಕ್ಕಬೇಕೆ? ಅವಧಿ ಮುಗಿಯದವುಗಳ ನಕಲು ಮಾಡಿ ಮಾರುವ ಕೆಲಸಕ್ಕೆ ಮಾತ್ರ ಇಳಿಯಬೇಡ. ಅಂಥವರಿಂದಲೇ ನಿಜವಾದ ಡಿಸ್ಕಿನ ಅಂಗಡಿಗಳು ಮೊದಲು ಸೊರಗಿದ್ದು.

ಈಗ ಏನು ಕೂಡಿಸಬೇಕು ಅನ್ನುವುದು. ಎಲ್ಲೂ ಹೊಳಪಿನ ಡಬ್ಬಿಯಲ್ಲಿ ಬಾರದ್ದನ್ನು ಮೊದಲು ಕೂಡಿಸು. ‘ವಂಶವೃಕ್ಷ’, ‘ಕಾಡು’, ‘ಹಂಸಗೀತೆ’, ‘ಚೋಮನ ದುಡಿ’, ‘ಒಂದಾನೊಂದು ಕಾಲದಲ್ಲಿ’, ಪ್ರೇಮಾ ಕಾರಂತರ ‘ಫಣಿಯಮ್ಮ’, ಎಲ್ಲಿ ಯಾವ ರೂಪದಲ್ಲಿ ಕಂಡರೂ ಬಿಡಬೇಡ. ನಮ್ಮ ಜಿಲ್ಲೆಯ ಗುರುತು ಇರುವ ಚಿತ್ರಗಳನ್ನಂತೂ ಬಿಡಲೇಬಾರದು. ಯಾಣದ ಬಂಡೆಗಳನ್ನು ನಾಡಿಗೆಲ್ಲ ತೋರಿಸಿದ್ದು 1996ರ ‘ನಮ್ಮೂರ ಮಂದಾರ ಹೂವೆ’. ಆಗಿನ ಯಾಣದ ಕಾಡುದಾರಿ ಹೇಗಿತ್ತು ಅಂತ ನಿನ್ನ ಮಕ್ಕಳಿಗೆ ತೋರಿಸಲಿಕ್ಕೆ ಬೇರೆ ಸಾಕ್ಷಿ ಎಷ್ಟಿದೆ? ಸಂತೆಯಲ್ಲಿ, ಮದುವೆ ವಿಡಿಯೋ ತೆಗೆಯುತ್ತಿದ್ದವರ ಅಂಗಡಿಯಲ್ಲಿ, ಅಂಕೋಲೆ ಕುಮಟೆಯ ಮುಚ್ಚಿದ ಸಿಡಿ ಲೈಬ್ರರಿಗಳವರ ಮನೆಯಲ್ಲಿ ಕೇಳು. ಯಕ್ಷಗಾನದ ಸಿಡಿ ಸಿಕ್ಕರೂ ತೆಗೆದುಕೋ. ಚಿಟ್ಟಾಣಿಯವರ ಆಟದ ಒಂದು ವಿಸಿಡಿ ಗುಜರಿಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಅದೇನು ಸಿನಿಮಾ ಅಲ್ಲವಲ್ಲ ಅಂತ ವಾದ ಮಾಡಬೇಡ.

ಗುಣಮಟ್ಟ? ಕೆಟ್ಟದ್ದು. ಮುಚ್ಚಿಟ್ಟು ಹೇಳುವುದಿಲ್ಲ. ವಿಸಿಡಿಯ ಚಿತ್ರ 352 ಅಡ್ಡ 288 ಚುಕ್ಕಿ, ಅಷ್ಟೇ. ನಿನ್ನ ದೊಡ್ಡ ಟಿವಿಯಲ್ಲಿ ಮುಖಗಳು ಇಟ್ಟಿಗೆ ಜೋಡಿಸಿದಂತೆ ಕಾಣುತ್ತವೆ. ಸಿನೆಮಾಸ್ಕೋಪ್ ಚಿತ್ರವನ್ನು ಹಳೆಯ ಚೌಕ ಟಿವಿಗೆ ತುಂಬಿಸಿದ್ದರೆ ಐದರಲ್ಲಿ ಎರಡು ಪಾಲು ದೃಶ್ಯವೇ ಇಲ್ಲ. ಮಾತಾಡುವ ಇಬ್ಬರಲ್ಲಿ ಒಬ್ಬರ ಮೂಗು ಮಾತ್ರ ಕಾಣುತ್ತದೆ. ಎರಡು ಡಿಸ್ಕಿಗೆ ಹಿಡಿಸಲಿಕ್ಕೆ ಹಾಡು ಕತ್ತರಿಸಿದ್ದೂ ಉಂಟು. ಆದರೂ ಎಸೆಯಬೇಡ. ಮೂಲ ಚೆನ್ನಾಗಿ ಸಿಕ್ಕ ದಿನ ಇದನ್ನು ಬಿಡು, ಅಲ್ಲಿಯವರೆಗೆ ಇದೇ ಪ್ರತಿ.

ಕತ್ತರಿ ಬಿದ್ದಿದೆಯೋ ಇಲ್ಲವೋ ಅಂತ ತಿಳಿಯುವ ಉಪಾಯ ಕಲಿತುಕೋ. ಸಿನಿಮಾದ ಮೊದಲಿಗೆ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಎಲ್ಲರೂ ಓಡಿಸಿಬಿಡುವುದು, ಅಲ್ಲಿ ನಿಲ್ಲಿಸು. ಉದ್ದ ಎಷ್ಟು ಮೀಟರ್ ಅಂತ ಬರೆದಿರುತ್ತದೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಓಡುತ್ತದೆ. 4,000 ಮೀಟರ್ ಇದ್ದರೆ 146 ನಿಮಿಷ. ನಮ್ಮ ಡಿವಿಡಿ, ವಿಸಿಡಿಗಳಲ್ಲಿ ಹಲವು ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುವ ಪಾಲ್ ಪದ್ಧತಿಯವು, ಹಾಗಾಗಿ ಅದೇ ಚಿತ್ರ ಅಲ್ಲಿ 140 ನಿಮಿಷಕ್ಕೆ ಮುಗಿದರೆ ಮೋಸವಿಲ್ಲ. 125ಕ್ಕೆ ಮುಗಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ಒಂದು ದಪ್ಪ ನೋಟುಬುಕ್ಕಿನಲ್ಲಿ ಚಿತ್ರದ ಹೆಸರು, ವರ್ಷ, ಸರ್ಟಿಫಿಕೇಟಿನ ಉದ್ದ, ಡಿಸ್ಕಿನ ಉದ್ದ, ಯಾವ ಕಂಪನಿ, ಯಾರ ಮನೆಯಿಂದ ಬಂತು, ಎಲ್ಲ ಬರೆದಿಡು. ಮುಂದೆ ಯಾರಾದರೂ ಆ ಚಿತ್ರವನ್ನು ಸರಿಪಡಿಸಲು ಹೊರಟರೆ ಈ ಪುಸ್ತಕಕ್ಕೆ ಡಿಸ್ಕಿಗಿಂತ ಹೆಚ್ಚು ಬೆಲೆ ಬಂದೀತು.

ಸರಿಪಡಿಸುವವರು ಇದ್ದಾರೆ, ನಿರಾಶೆ ಬೇಡ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನು ಮಾರ್ಟಿನ್ ಸ್ಕಾರ್ಸೇಸಿಯವರ ಸಂಸ್ಥೆಯ ಜತೆ ಸೇರಿ ಹೊಸದು ಮಾಡಿತು. ಬೊಲೊನ್ಯಾ ಊರಿನ ಲ್ಯಾಬಿನಲ್ಲಿ ಕೆಲಸ ನಡೆದು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದು ಆದದ್ದು ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು ಅನ್ನುವ ಕಾರಣಕ್ಕೆ. ಅಂಥ ಭಾಗ್ಯ ಎಲ್ಲ ಕನ್ನಡ ಚಿತ್ರಕ್ಕೂ ಇಲ್ಲ. ‘ಘಟಶ್ರಾದ್ಧ’ ಬ್ಲೂರೇ ಆಗಿ ಬಂದರೆ ಮಾತ್ರ ಎಷ್ಟೇ ಬೆಲೆಯಾಗಲಿ ಕೊಂಡುಬಿಡು, ನಿನ್ನ ಅಪ್ಪನಿಗೆ ನಾನು ಹೇಳುತ್ತೇನೆ. ಅಂದ ಹಾಗೆ ಅಮೆರಿಕದ ಡಬ್ಬಿ ಕೊಳ್ಳುವಾಗ ರೀಜನ್ ನೋಡು. ಬ್ಲೂರೇಯಲ್ಲಿ ಅವರದು ‘ಎ’, ನಮ್ಮದು ‘ಸಿ’. ಡಿವಿಡಿಯಲ್ಲಿ ಅವರದು 1, ನಮ್ಮದು 5. ಇಲ್ಲಿ ಕೊಂಡ ಪ್ಲೇಯರು ಮೊಂಡು ಹಿಡಿದು ಕೂತೀತು.

ಇಡುವ ಕ್ರಮ ಬೆಂಗಳೂರಿನವರಿಂದ ಕಲಿಯಬೇಡ. ಅವರಿಗೆ ಉಪ್ಪುಗಾಳಿ ಗೊತ್ತಿಲ್ಲ, ಆಷಾಢದಲ್ಲಿ ಗೋಡೆ ಬೆವರುವುದು ಗೊತ್ತಿಲ್ಲ. ಡಿಸ್ಕಿನಲ್ಲಿ ಓದುವ ಬೆಳಕನ್ನು ಹಿಂದಿರುಗಿಸುವುದು ತೆಳ್ಳಗಿನ ಅಲ್ಯೂಮಿನಿಯಂ ಪದರ. ಅಂಚಿನಿಂದ ತೇವ ಹೊಕ್ಕರೆ ಅದು ತುಕ್ಕು ಹಿಡಿದಂತೆ ಮಸುಕಾಗುತ್ತದೆ. ಬೆಳಕಿಗೆ ಹಿಡಿದು ನೋಡು, ಸೂಜಿಮೊನೆಯಂಥ ತೂತುಗಳು ಕಂಡರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ ಅಂತ ಲೆಕ್ಕ; ಆ ದಿನವೇ ಹಾರ್ಡ್‌ಡಿಸ್ಕಿಗೆ ಇಳಿಸು. ಕಂಪನಿಯಲ್ಲಿ ಅಚ್ಚೊತ್ತಿದ ಡಿಸ್ಕು ಬಾಳಿಕೆ ಬರುತ್ತದೆ. ಮನೆಯಲ್ಲಿ ರೈಟ್ ಮಾಡಿದ್ದರಲ್ಲಿ ಇರುವುದು ಬಣ್ಣದ ಲೇಪ, ಬಿಸಿಲಿಗೆ, ಸೆಖೆಗೆ ಮೊದಲು ಸಾಯುವುದು ಅದೇ. ತಳ ಸ್ವಲ್ಪ ನೇರಳೆಯೋ ಹಸಿರೋ ಕಂಡರೆ ಅದು ರೈಟ್ ಮಾಡಿದ್ದು, ಮೊದಲು ಅದರ ನಕಲು ಇಟ್ಟುಕೋ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ, ಡಿಸ್ಕನ್ನು ನಿಲ್ಲಿಸಿ ಇಡು, ಮಲಗಿಸಬೇಡ. ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮು ಬೇಡ, ಮಳೆಗಾಲದಲ್ಲಿ ಹಾಳೆ ಡಿಸ್ಕಿಗೆ ಅಂಟುತ್ತದೆ. ಒರೆಸುವಾಗ ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆ, ಸುತ್ತ ತಿರುಗಿಸಬೇಡ. ಕೆಳಗಿನ ಕಪಾಟೂ ಬೇಡ. 2019ರ ನೆರೆಯಲ್ಲಿ ಗಂಗಾವಳಿ ದಂಡೆಯವರ ಪಾಡು ನೋಡಿದ್ದೇವೆ. ಒಂದು ಪ್ಲೇಯರು ಹೆಚ್ಚಿಗೆ ಇಟ್ಟುಕೋ. ಡಿಸ್ಕು ಉಳಿದು ಓದುವ ಯಂತ್ರ ಸತ್ತರೆ ಏನು ಮಾಡುತ್ತೀ?

ಕಡೆಯದಾಗಿ, ಬೀಗ ಹಾಕಿ ಇಡಬೇಡ. ನಮ್ಮ ಕಾಲದಲ್ಲಿ ಟಿವಿ, ವಿಸಿಪಿ ಬಾಡಿಗೆಗೆ ತಂದು ಅಂಗಳದಲ್ಲಿ ಇಟ್ಟರೆ ಇಡೀ ಕೇರಿ ಚಾಪೆ ಹಿಡಿದು ಬರುತ್ತಿತ್ತು. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀಯವರ ಗುಲಾಬಿಯ ಮನೆಗೆ ಡಿಶ್ ಬಂದಾಗ ಆಗುವುದೂ ಅದೇ, ಅದನ್ನು ನೋಡು. ಹೆಗ್ಗೋಡಿನ ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದವರನ್ನೂ ಕೂಲಿಯವರನ್ನೂ ಕೂಡಿಸಿ ‘ಪಥೇರ್ ಪಾಂಚಾಲಿ’, ‘ರಾಶೋಮನ್’ ತೋರಿಸಿದ್ದರು. ಆಗಲೂ ಇವರಿಗೇನು ಅರ್ಥವಾಗುತ್ತದೆ ಅಂದವರು ಇದ್ದರು. ಜನ ನೋಡಿದರು, ಮಾತಾಡಿದರು, ಜಗಳವಾಡಿದರು. ನಿನ್ನ ಹತ್ತಿರ ಪ್ರೊಜೆಕ್ಟರ್ ಇದೆಯಲ್ಲ, ತಿಂಗಳಿಗೊಮ್ಮೆ ‘ಚೋಮನ ದುಡಿ’ಯಂಥದ್ದನ್ನು ಹಾಕು. ಹಾಲಕ್ಕಿ ಕೊಪ್ಪದ ಹಿರಿಯರನ್ನೂ ಕರೆ, ಅವರು ಅದನ್ನು ನಿನಗಿಂತ ಚೆನ್ನಾಗಿ ಓದುತ್ತಾರೆ. ಎರವಲು ಕೇಳಿದವರಿಗೆ ಕೊಡು, ಆದರೆ ಆ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಹೆಸರು ಬರೆಸಿಕೊಂಡು. ನೆಂಟರಿಗೂ ಬರೆಸು, ನೆಂಟರಿಗೇ ಮೊದಲು ಬರೆಸು.

ನನ್ನ ಟ್ರಂಕಿನಲ್ಲೂ ಒಂದಷ್ಟು ಇವೆ. ಕೆಲವು ಗೀಚಿವೆ, ಕೆಲವಕ್ಕೆ ಎರಡನೇ ಡಿಸ್ಕು ಇಲ್ಲ, ‘ಹಂಸಗೀತೆ’ ಮಾತ್ರ ಚೊಕ್ಕವಾಗಿದೆ. ಎಲ್ಲ ನಿನಗೇ. ಆದರೆ ಮೊದಲು ನೋಟುಬುಕ್ಕಿನ ಹತ್ತು ಪುಟ ತುಂಬಿಸಿಕೊಂಡು ಬಾ, ಮೀಟರ್ ಲೆಕ್ಕ ಸರಿಯಾಗಿದೆಯೋ ನೋಡಿ ಆಮೇಲೆ ಕೀಲಿ ಕೊಡುತ್ತೇನೆ.